ಚರಂಡಿ ಟೆಂಡರ್ ಹಾಕುವ ಮುಂಚೆ ಚರಂಡಿಯಲ್ಲಿ ನಡೆಯಬೇಕು

ಕೊಡಗಿನ ರಸ್ತೆಗಳನ್ನು ಲಾರಿಗಳಿಗಿಂತ ಹೆಚ್ಚಾಗಿ ನೀರು ಕೆಡಿಸುತ್ತದೆ. ಬರೆಯ, ಅಂದರೆ ರಸ್ತೆಗೆಂದು ಕಡಿದ ಗುಡ್ಡದ ಬದಿಯ ಚರಂಡಿ ಹೂಳು ತುಂಬಿ ಕಟ್ಟಿಕೊಂಡರೆ ನೀರು ರಸ್ತೆಗೆ ಹತ್ತುತ್ತದೆ, ಟಾರಿನ ಮೇಲೆ ಅಡ್ಡ ಹರಿದು ಕೆಳಬದಿಯ ಅಂಚನ್ನು ಕೊರೆಯುತ್ತದೆ. ಆರಿದ್ರಾ ಮಳೆಯಲ್ಲಿ ಶುರುವಾದ ಕೊರೆತ ಪುಷ್ಯ ಮಳೆ ಹೊತ್ತಿಗೆ ಅರ್ಧ ರಸ್ತೆ ತಿಂದಿರುತ್ತದೆ. ಆಮೇಲೆ ತಡೆಗೋಡೆಗೆ ಹಲವು ಲಕ್ಷ ರೂಪಾಯಿ ಬೇಕು. ಅದೇ ಜಾಗದ ಚರಂಡಿಯನ್ನು ಮೇ ತಿಂಗಳಲ್ಲಿ ಬಿಡಿಸಿ, ಮಳೆಯಲ್ಲಿ ಒಬ್ಬರು ನೋಡಿಕೊಂಡಿದ್ದರೆ ಆ ಗೋಡೆಯ ಖರ್ಚಿನ ಸಣ್ಣ ಪಾಲಿನಲ್ಲಿ ಕೆಲಸ ಮುಗಿಯುತ್ತಿತ್ತು.

ನಾನು ಲೋಕೋಪಯೋಗಿ ಇಲಾಖೆಯಲ್ಲಿ ನೋಂದಾಯಿಸಿಕೊಂಡ ನಾಲ್ಕನೇ ದರ್ಜೆಯ ಗುತ್ತಿಗೆದಾರ. ಮನೆ ಮಡಿಕೇರಿ ತಾಲ್ಲೂಕಿನಲ್ಲಿ. ಸ್ವಲ್ಪ ಕಾಫಿ, ಸ್ವಲ್ಪ ಗದ್ದೆ ಇದೆ. ಮೊದಲು ಬೇರೆಯವರ ಕಾಮಗಾರಿಗಳಲ್ಲಿ ಸೂಪರ್‌ವೈಸರ್ ಆಗಿದ್ದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ ಕಡೆ ಗುಡ್ಡಗಳೇ ಜಾರಿ ಬಂದವು. ಮಡಿಕೇರಿ–ಸಂಪಾಜೆ ಹೆದ್ದಾರಿ ಕಡಿದುಹೋಯಿತು. ಆ ವರ್ಷದ ಮಳೆ ಅಸಾಧಾರಣವಾಗಿತ್ತು, ಯಾವ ಚರಂಡಿಯೂ ಅದನ್ನು ತಡೆಯುತ್ತಿರಲಿಲ್ಲ. ಆದರೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ಬಂದು ನೋಡಿ, ರಸ್ತೆಗೆ, ಮನೆಗೆ ಎಂದು ಇಳಿಜಾರನ್ನು ನೆಟ್ಟಗೆ ಕಡಿದದ್ದನ್ನು ಮುಖ್ಯ ಕಾರಣಗಳಲ್ಲಿ ಒಂದಾಗಿ ಹೇಳಿದರು. ಕಡಿದ ಬರೆಯ ಬುಡದಲ್ಲಿ ನೀರು ನಿಲ್ಲಬಾರದು ಎಂಬುದು ಅಂದಿನಿಂದ ನನ್ನ ಮನಸ್ಸಿನಲ್ಲಿ ಕೂತಿತು. ಸ್ವಂತ ಹೆಸರಿನಲ್ಲಿ ಗುತ್ತಿಗೆ ಹಿಡಿಯಬೇಕು, ಅದೂ ಚರಂಡಿ ನಿರ್ವಹಣೆಯನ್ನೇ ಹಿಡಿಯಬೇಕು ಎಂದು ಹೊರಟದ್ದು ಹಾಗೆ. ಈಗ ಈ ಕೆಲಸಕ್ಕೆ ಬರಬೇಕೆಂದಿರುವ ಹುಡುಗರು ಆಗಾಗ ಫೋನ್ ಮಾಡಿ ಕೇಳುತ್ತಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕಾಗದಪತ್ರದ ಭಾಗ ಬೇಸರದ್ದು, ಬೇಗ ಹೇಳಿ ಮುಗಿಸುತ್ತೇನೆ. ಗುತ್ತಿಗೆದಾರರ ಪರವಾನಗಿ, ಪ್ಯಾನ್, ಜಿಎಸ್‌ಟಿ ನೋಂದಣಿ, ಕೆಲಸ ನಡೆಸುವಷ್ಟು ಹಣಬಲ ಇದೆ ಎಂದು ಬ್ಯಾಂಕ್ ಕೊಡುವ ಸಾಲ್ವೆನ್ಸಿ ಪತ್ರ, ಆದಾಯ ತೆರಿಗೆ ರಿಟರ್ನ್ಸ್ ಇಷ್ಟು ಕೈಯಲ್ಲಿರಬೇಕು. 5 ಲಕ್ಷ ರೂಪಾಯಿ ಮೀರಿದ ಕಾಮಗಾರಿಗೆ ಆನ್‌ಲೈನ್‌ನಲ್ಲೇ ಬಿಡ್ ಹಾಕಬೇಕು. ಹಳೆಯ ಇ-ಪ್ರೊಕ್ಯೂರ್‌ಮೆಂಟ್ ತಾಣದ ಜಾಗದಲ್ಲಿ ಈಗ ಕೆಪಿಪಿಪಿ (ಕರ್ನಾಟಕ ಪಬ್ಲಿಕ್ ಪ್ರೊಕ್ಯೂರ್‌ಮೆಂಟ್ ಪೋರ್ಟಲ್) ಇದೆ. ಅದಕ್ಕೆ ಡಿಜಿಟಲ್ ಸಹಿ ಬೇಕು, ಪೆನ್‌ಡ್ರೈವ್‌ನಂತಹ ಟೋಕನ್ನಿನಲ್ಲಿ ಬರುತ್ತದೆ. ನಮ್ಮ ಕಡೆಯವರಿಗೆ ಇಲ್ಲೊಂದು ವಿಶೇಷ ತೊಡಕು ಇದೆ. ಕೊಡವರಿರಲಿ, ಅರೆಭಾಷೆ ಗೌಡರಿರಲಿ, ನಾವು ಮನೆಹೆಸರನ್ನು ಮುಂದೆ ಇಟ್ಟು ಹೆಸರು ಬರೆಯುವವರು. ಆಧಾರ್‌ನಲ್ಲಿ ಮನೆಹೆಸರು ಮುಂದೆ, ಪ್ಯಾನ್‌ನಲ್ಲಿ ಹಿಂದೆ, ಪರವಾನಗಿಯಲ್ಲಿ ಬರೀ ಇನಿಷಿಯಲ್. ಟೋಕನ್ ಕೊಡುವವರು ಮೂರೂ ಒಂದೇ ರೀತಿ ಇಲ್ಲ ಎಂದು ಅರ್ಜಿಯನ್ನು ವಾಪಸ್ ಕಳಿಸುತ್ತಾರೆ. ನನ್ನ ಪರಿಚಯದ ಒಬ್ಬರಿಗೆ ಪ್ಯಾನ್ ತಿದ್ದಿಸಿಕೊಂಡು ಬರುವಷ್ಟರಲ್ಲಿ ಆ ವರ್ಷದ ಟೆಂಡರ್‌ಗಳೆಲ್ಲ ಮುಗಿದಿದ್ದವು. ಈ ಕೆಲಸವನ್ನು ಮಳೆಗಾಲದಲ್ಲೇ, ಬೇರೆ ಕೆಲಸವಿಲ್ಲದಾಗ ಮಾಡಿಸಿ ಇಟ್ಟುಕೊಳ್ಳಬೇಕು.

ಮುಂದಿನದು ರಸ್ತೆ ಯಾರದ್ದು ಎಂಬ ಪ್ರಶ್ನೆ. ಒಂದೇ ಊರಿನಲ್ಲಿ ಮುಖ್ಯರಸ್ತೆ ಲೋಕೋಪಯೋಗಿ ಇಲಾಖೆಯದ್ದು, ಅದರಿಂದ ಒಳಗೆ ಹೋಗುವುದು ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ್ದು, ಕಾಲೊನಿಯ ಚರಂಡಿ ಗ್ರಾಮ ಪಂಚಾಯತಿಯದ್ದು. ನೀರಿಗೆ ಈ ಗಡಿ ಗೊತ್ತಿಲ್ಲ. ಮೇಲಿನ ರಸ್ತೆಯಡಿ ನೀರು ದಾಟಿಸುವ ಮೋರಿ ಒಬ್ಬರ ಕೈಯಲ್ಲಿ, ಅದು ಬಂದು ಬೀಳುವ ಚರಂಡಿ ಇನ್ನೊಬ್ಬರ ಕೈಯಲ್ಲಿ. ಪಂಚಾಯತಿಯ ಸಣ್ಣ ಚರಂಡಿ ಕೆಲಸಗಳು ಬಹುಪಾಲು ನರೇಗಾದಲ್ಲಿ ಹೋಗುತ್ತಿದ್ದವು. ಅದರಲ್ಲಿ ಗುತ್ತಿಗೆದಾರರಿಗೆ ಜಾಗವಿರಲಿಲ್ಲ, ಇರಬಾರದು ಕೂಡ, ಅದು ಕೂಲಿಯವರ ಹಕ್ಕು. ಉಳಿದವು ಹಣಕಾಸು ಆಯೋಗದ ಅನುದಾನದಲ್ಲಿ ಕ್ರಿಯಾಯೋಜನೆಗೆ ಸೇರಿ ಬರುತ್ತವೆ. ಹಾಗಾಗಿ ಗ್ರಾಮಸಭೆಗೆ ಹೋಗಿ ಕೂರುವುದು ಒಳ್ಳೆಯದು. ಯಾವ ರಸ್ತೆಗೆ ಎಷ್ಟು ಇಟ್ಟಿದ್ದಾರೆ ಎಂಬುದು ಟೆಂಡರ್ ಪ್ರಕಟಣೆಗೆ ತಿಂಗಳುಗಳ ಮೊದಲೇ ತಿಳಿಯುತ್ತದೆ.

ಪ್ರಕಟಣೆ ಓದುವಾಗ ಮೊದಲು ಮೀಸಲಾತಿಯ ಕಾಲಂ ನೋಡಿ. ಸರ್ಕಾರಿ ಟೆಂಡರ್‌ಗಳಿಗೆ ಅನ್ವಯಿಸುವ ರಾಜ್ಯದ ಪಾರದರ್ಶಕತೆ ಕಾಯ್ದೆಗೆ ಮಾಡಿದ ತಿದ್ದುಪಡಿಯಿಂದ ಪರಿಶಿಷ್ಟ ಜಾತಿಗೆ ಶೇ 17.15, ಪರಿಶಿಷ್ಟ ಪಂಗಡಕ್ಕೆ ಶೇ 6.95ರಷ್ಟು ಕಾಮಗಾರಿಗಳು ಮೀಸಲು. ಮೊದಲು 50 ಲಕ್ಷದವರೆಗಿನ ಕೆಲಸಗಳಿಗೆ ಇದ್ದದ್ದನ್ನು 2023ರಲ್ಲಿ 1 ಕೋಟಿಗೆ ಏರಿಸಿದರು. ಇದರ ಬಗ್ಗೆ ಗೊಣಗುವವರನ್ನು ಕಂಡಿದ್ದೇನೆ, ನನಗೆ ಆ ಗೊಣಗು ಸರಿ ಕಾಣುವುದಿಲ್ಲ. ನನ್ನ ಜೊತೆಗೆ ಸೂಪರ್‌ವೈಸರ್ ಆಗಿದ್ದವನೊಬ್ಬ ವರ್ಷಗಟ್ಟಲೆ ಬೇರೆಯವರ ಲೈಸೆನ್ಸಿನಲ್ಲಿ ತುಂಡು ಗುತ್ತಿಗೆ ಮಾಡಿ ಬದುಕುತ್ತಿದ್ದ. ಚರಂಡಿಯ ಇಳಿಜಾರನ್ನು ಕಣ್ಣಳತೆಯಲ್ಲೇ ಹೇಳುವವನು. ಮೀಸಲು ಬಂದ ಮೇಲೆ ಅವನ ಹೆಸರಿನಲ್ಲೇ ಕಾರ್ಯಾದೇಶ ಬಂತು.

ಇನ್ನು ಅಂದಾಜುಪಟ್ಟಿ. ಟೆಂಡರ್ ದಾಖಲೆಯಲ್ಲಿ ನಿಜವಾಗಿ ಓದಬೇಕಾದದ್ದು ಇದು. ಹೂಳು ಇಷ್ಟು ಘನ ಮೀಟರ್, ಕಾಡು ಕಡಿಯುವುದು ಇಷ್ಟು ಚದರ ಮೀಟರ್, ಮೋರಿ ಬಾಯಿ ಬಿಡಿಸುವುದು ಇಷ್ಟು ಎಂದು ಇಲಾಖೆಯ ದರಪಟ್ಟಿಯಂತೆ ಲೆಕ್ಕ ಹಾಕಿರುತ್ತಾರೆ. ಅಂದಾಜು ಮಾಡುವುದು ಸಾಮಾನ್ಯವಾಗಿ ಬೇಸಿಗೆಯಲ್ಲಿ. ಆಗ ಚರಂಡಿಯಲ್ಲಿ ಒಣ ಎಲೆ, ಒಣ ಮಣ್ಣು. ನೀರು ಎಲ್ಲಿಂದ ನುಗ್ಗುತ್ತದೆ, ಎಲ್ಲಿ ಹಾರುತ್ತದೆ ಎಂಬುದು ಕಾಣುವುದಿಲ್ಲ. ಆದ್ದರಿಂದ ದಾಖಲೆ ಇಳಿಸಿಕೊಂಡ ಕೂಡಲೇ ನಾನು ಕ್ಯಾಲ್ಕುಲೇಟರ್ ಹಿಡಿಯುವುದಿಲ್ಲ. ನಡೆಯಲು ಹೋಗುತ್ತೇನೆ. ಜೀಪಿನಲ್ಲಿ ಹೋದರೆ ಪ್ರಯೋಜನವಿಲ್ಲ, ರಸ್ತೆ ಮಾತ್ರ ಕಾಣುತ್ತದೆ. ಚರಂಡಿಯೊಳಗೆ ಇಳಿದು ನಡೆಯಬೇಕು.

ಜೊತೆಗೆ ಬರುವುದು ನಮ್ಮೂರಿನ ಒಬ್ಬ ಹಿರಿಯರು. ಇಲಾಖೆಯಲ್ಲಿ ರಸ್ತೆ ನೋಡಿಕೊಳ್ಳುವ ಗ್ಯಾಂಗ್‌ಮನ್ ಆಗಿದ್ದು ನಿವೃತ್ತರಾದವರು. ನಾವೆಲ್ಲ ಅವರನ್ನು ಅಜ್ಜ ಎಂದೇ ಕರೆಯುವುದು. ಮೊದಲ ಸಲ ಕರೆದುಕೊಂಡು ಹೋದಾಗ ನಾನು ಟೇಪು ಹಿಡಿದು ಹೂಳಿನ ಆಳ ಅಳೆಯುತ್ತಿದ್ದೆ. ಅವರು ಅತ್ತ ನೋಡಲೇ ಇಲ್ಲ.

‘ಇಲ್ಲಿ ಕೆಸರು ತೆಗೆದು ಏನು ಮಾಡ್ತೀಯ ಮಾರಾಯ? ಮೇಲೆ ಆ ತೋಟದ ಗೇಟಿನ ಹತ್ರ ಪೈಪು ಕಟ್ಟಿದೆ. ನೀರು ಈ ಚರಂಡಿಗೆ ಬರೋದೇ ಇಲ್ಲ, ರಸ್ತೆ ಮೇಲೇ ಹೋಗ್ತದೆ’ ಎಂದರು.

‘ಎಸ್ಟಿಮೇಟ್‌ನಲ್ಲಿ ಗೇಟಿನ ಪೈಪು ಇಲ್ಲ ಅಜ್ಜ.’

‘ಮಳೆಗೆ ನಿನ್ನ ಎಸ್ಟಿಮೇಟ್ ಗೊತ್ತುಂಟಾ?’

ಅಜ್ಜ ತೋರಿಸಿಕೊಟ್ಟದ್ದನ್ನು ಈಗ ಪ್ರತಿ ರಸ್ತೆಯಲ್ಲೂ ಹುಡುಕುತ್ತೇನೆ. ತೋಟದ ಗೇಟುಗಳು ಮೊದಲನೆಯದು. ತೋಟಕ್ಕೆ, ಮನೆಗೆ, ಹೋಂಸ್ಟೇಗೆ ಹೋಗಲು ಚರಂಡಿಯ ಮೇಲೆ ಮಣ್ಣು ತುಂಬಿ ಅಡಿಯಲ್ಲಿ ಸಣ್ಣ ಪೈಪು ಹಾಕಿರುತ್ತಾರೆ, ಕೆಲವರು ಪೈಪನ್ನೂ ಹಾಕಿರುವುದಿಲ್ಲ. ಒಂದು ಮಳೆಗೆ ಸಿಲ್ವರ್ ಓಕ್ ಎಲೆ ಬಂದು ಬಾಯಿ ಮುಚ್ಚುತ್ತದೆ. ಎರಡನೆಯದು, ಕೇಬಲ್ಲಿಗೋ ಕುಡಿಯುವ ನೀರಿನ ಪೈಪಿಗೋ ಚರಂಡಿಯ ಪಕ್ಕದಲ್ಲೇ ತೋಡಿ ಸಡಿಲ ಮಣ್ಣು ಮುಚ್ಚಿದ ಜಾಗಗಳು. ಅಲ್ಲಿನ ಮಣ್ಣು ಮೊದಲ ಜಡಿಮಳೆಗೇ ಚರಂಡಿಗೆ ಇಳಿಯುತ್ತದೆ, ಜೆಸಿಬಿ ಹಾಕಿದರೆ ಪೈಪು ಒಡೆಯುತ್ತದೆ, ಅಲ್ಲಿ ಕೈಯಲ್ಲೇ ತೆಗೆಸಬೇಕು. ಮೂರನೆಯದು ಬರೆಯಲ್ಲಿ ಒಸರುವ ನೀರು. ಬೇಸಿಗೆಯಲ್ಲೂ ಜರಿಗಿಡ ಹಸಿರಾಗಿ ನಿಂತಿದ್ದರೆ ಅಲ್ಲಿ ಒರತೆ ಇದೆ ಎಂದು ಅರ್ಥ, ಮಳೆಯಲ್ಲಿ ಆ ಬರೆ ಕುಸಿದು ಚರಂಡಿಗೇ ಬರುತ್ತದೆ. ಆನೆ ದಾಟುವ ಕಡೆಗಳಲ್ಲಿ ಚರಂಡಿಯ ಅಂಚೇ ಕುಸಿದು ದಾರಿಯಾಗಿರುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆ. ಮೋರಿಯಿಂದ ಹೊರಬಿದ್ದ ನೀರು ಕೊಲ್ಲಿಗೆ, ಅಂದರೆ ತೊರೆಗೆ ಸೇರುತ್ತದೋ, ಯಾರದೋ ಗದ್ದೆಗೆ ನುಗ್ಗುತ್ತದೋ, ತೋಟದ ಕಾರ್ಮಿಕರು ಇರುವ ಲೈನ್‌ಮನೆಯ ಹಿಂಬದಿಗೆ ಬೀಳುತ್ತದೋ ನೋಡಬೇಕು. ಲೈನ್‌ಮನೆಯ ಹಿಂದೆ ಬೀಳುವುದಾದರೆ ಆ ಚರಂಡಿಯನ್ನು ಎಷ್ಟು ಚೊಕ್ಕಟ ಮಾಡಿದರೆ ಅಷ್ಟು ಅಪಾಯ. ಮೇಲೆ ಬಿಡಿಸಿದ ನೀರೆಲ್ಲ ಅಲ್ಲಿ ಮಲಗಿರುವವರ ಗೋಡೆಗೆ ಹೋಗಿ ಹೊಡೆಯುತ್ತದೆ. ಅಂತಹ ಜಾಗ ಕಂಡರೆ ನಾನು ಟೆಂಡರ್ ಹಾಕುವ ಮೊದಲೇ ಎಂಜಿನಿಯರ್‌ಗೆ ಬರೆದು ಕೊಡುತ್ತೇನೆ. ಬಾಯಿಮಾತಿನಲ್ಲಿ ಹೇಳಿದರೆ ಉಳಿಯುವುದಿಲ್ಲ.

ನಡೆಯುವಾಗಲೇ ಕೇಳಿಕೊಳ್ಳಬೇಕಾದ ಇನ್ನೊಂದು ಮಾತು, ತೆಗೆದ ಹೂಳನ್ನು ಎಲ್ಲಿ ಹಾಕುವುದು. ದರಪಟ್ಟಿಯ ಮಣ್ಣು ಕೆಲಸದಲ್ಲಿ ಸಾಮಾನ್ಯವಾಗಿ 50 ಮೀಟರ್ ಲೀಡ್, ಅಂದರೆ ಅಷ್ಟು ದೂರಕ್ಕೆ ಸಾಗಿಸುವ ಖರ್ಚು ಮಾತ್ರ ಸೇರಿರುತ್ತದೆ. ಬಯಲುಸೀಮೆಯಲ್ಲಿ ಅದು ಸಾಕು. ಇಲ್ಲಿ ಒಂದು ಬದಿಗೆ ಬರೆ, ಇನ್ನೊಂದು ಬದಿಗೆ ಇಳಿಜಾರು. ಕೆಳಗೆ ತಳ್ಳಿದರೆ ತೋಟದವರ ಕಾಫಿ ಗಿಡದ ಮೇಲೆ, ಗದ್ದೆಯ ಮೇಲೆ, ಕೊನೆಗೆ ಹೊಳೆಗೆ. ಅಂಚಿನಲ್ಲೇ ರಾಶಿ ಹಾಕಿದರೆ ಮೊದಲ ಮಳೆಗೆ ಮತ್ತೆ ಚರಂಡಿಗೆ. ಆದ್ದರಿಂದ ಟ್ರ್ಯಾಕ್ಟರಿನಲ್ಲಿ ಸಾಗಿಸಲೇಬೇಕು. ಮಣ್ಣು ಬೇಕು ಎನ್ನುವವರು ಊರಿನಲ್ಲಿ ಯಾವಾಗಲೂ ಇರುತ್ತಾರೆ, ಅಂಗಳ ಎತ್ತರಿಸುವವರು, ತಗ್ಗು ತುಂಬಿಸುವವರು. ಆದರೆ ಇಳಿಜಾರಿನ ಅಂಚಿನಲ್ಲಿ ತುಂಬಿಸುವವರಿಗೆ ನಾನು ಕೊಡುವುದಿಲ್ಲ. ಸಡಿಲ ಮಣ್ಣನ್ನು ಇಳಿಜಾರಿಗೆ ಏರಿಸಿದರೆ ಏನಾಗುತ್ತದೆ ಎಂದು ಈ ಜಿಲ್ಲೆಯವರಿಗೆ ಹೇಳಿಕೊಡಬೇಕಾಗಿಲ್ಲ.

ಇಷ್ಟು ಆದ ಮೇಲೆ ದರ. ಶೇಕಡಾವಾರು ಟೆಂಡರ್ ಆದರೆ ಅಂದಾಜಿಗಿಂತ ಇಷ್ಟು ಕಡಿಮೆ ಅಥವಾ ಹೆಚ್ಚು ಎಂದು ಒಂದೇ ಅಂಕಿ ಹಾಕಬೇಕು. ಆ ಒಂದು ಅಂಕಿಯೊಳಗೆ ಜೆಸಿಬಿ ಗಂಟೆಯ ಬಾಡಿಗೆ, ಟ್ರ್ಯಾಕ್ಟರ್, ಆಳು ಎಲ್ಲ ಕೂರಬೇಕು. ಆಳಿನ ಲೆಕ್ಕ ಇಲ್ಲಿ ಸುಲಭವಲ್ಲ. ಚರಂಡಿ ಬಿಡಿಸಲು ಸರಿಯಾದ ಕಾಲ ಏಪ್ರಿಲ್ ಕೊನೆಯಿಂದ ಮೇ ಕೊನೆಯವರೆಗೆ. ಅದೇ ಹೊತ್ತಿಗೆ ತೋಟಗಳಲ್ಲಿ ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವುದು), ಗೊಬ್ಬರ, ಬೋರ್ಡೋ ಸಿಂಪಡಣೆ. ಒಳ್ಳೆಯ ಆಳುಗಳೆಲ್ಲ ತೋಟದಲ್ಲಿ. ಹಾಗಾಗಿ ತೋಟದ ಕೂಲಿಗಿಂತ ಕಡಿಮೆ ಲೆಕ್ಕ ಹಿಡಿದು ಟೆಂಡರ್ ಹಾಕಿದರೆ ಕೆಲಸಕ್ಕೆ ಯಾರೂ ಬರುವುದಿಲ್ಲ.

ಕಡಿತಗಳನ್ನೂ ಮೊದಲೇ ಬರೆದುಕೊಳ್ಳಿ. 8 ಲಕ್ಷದ ಕೆಲಸವನ್ನು ಶೇ 10 ಕಡಿಮೆಗೆ ಹಿಡಿದರೆ 7.20 ಲಕ್ಷ. ಅದರಲ್ಲಿ ಶೇ 5 ಭದ್ರತಾ ಠೇವಣಿ ಎಂದರೆ 36,000 ರೂಪಾಯಿ, ಕೆಲಸ ಕೆಟ್ಟರೆ ನಾವೇ ಸರಿಪಡಿಸಿಕೊಡಬೇಕಾದ ದೋಷ ಹೊಣೆಗಾರಿಕೆಯ ಅವಧಿ ಮುಗಿಯುವವರೆಗೆ ಕೈಗೆ ಬರುವುದಿಲ್ಲ. ಆದಾಯ ತೆರಿಗೆ ಶೇ 1, ಜಿಎಸ್‌ಟಿಯ ಟಿಡಿಎಸ್ ಶೇ 2 ಬಿಲ್ಲಿನಲ್ಲೇ ಹಿಡಿಯುತ್ತಾರೆ. ಇವು ಮುಂದೆ ರಿಟರ್ನ್ಸ್‌ನಲ್ಲಿ ಹೊಂದುತ್ತವೆ ನಿಜ, ಆದರೆ ಆಳಿಗೆ ಶನಿವಾರ ಸಂಬಳ ಕೊಡಲು ಆ ಹಣ ಇರುವುದಿಲ್ಲ. ಜಿಎಸ್‌ಟಿ ಅಂದಾಜಿನೊಳಗೆ ಸೇರಿದೆಯೋ, ಮೇಲೆ ಪ್ರತ್ಯೇಕವಾಗಿ ಕೊಡುತ್ತಾರೋ ಓದಿ ನೋಡಬೇಕು. 2022ರ ಜುಲೈನಲ್ಲಿ ಸರ್ಕಾರಿ ಕಾಮಗಾರಿ ಗುತ್ತಿಗೆಯ ಜಿಎಸ್‌ಟಿ ಶೇ 12ರಿಂದ 18ಕ್ಕೆ ಏರಿದಾಗ ಹಳೆಯ ದರದ ಅಂದಾಜಿಗೆ ಟೆಂಡರ್ ಹಾಕಿದ್ದ ಸಣ್ಣ ಗುತ್ತಿಗೆದಾರರು ತುಂಬ ಕಷ್ಟಪಟ್ಟರು.

ಇಎಂಡಿ, ಅಂದರೆ ಬಿಡ್ ಜೊತೆ ಕಟ್ಟುವ ಠೇವಣಿ ಹಣವನ್ನು ಕೊನೆಯ ದಿನದವರೆಗೆ ಇಟ್ಟುಕೊಳ್ಳಬೇಡಿ. ಮೇ ತಿಂಗಳ ಗಾಳಿಗೆ ಕರೆಂಟ್ ಹೋದರೆ ಟವರ್ ಸತ್ತುಹೋಗುತ್ತದೆ, ಕಟ್ಟಿದ ಹಣ ತಾಣದಲ್ಲಿ ಕಾಣಿಸುವುದು ತಡವಾಗುತ್ತದೆ. ಹಣ ಜಮೆಯಾಗಿ, ಬಿಡ್ ಸಲ್ಲಿಕೆಯಾಗಿದೆ ಎಂಬ ಸ್ವೀಕೃತಿ ಬರುವವರೆಗೆ ನಾನು ಮಡಿಕೇರಿ ಬಿಟ್ಟು ಮನೆಗೆ ಹೋಗುವುದಿಲ್ಲ.

ನಾನು ತುಂಬ ಆಸೆಯಿಂದ ನಡೆದು ನೋಡಿ ದರ ಹಾಕಿದ ಮೊದಲ ರಸ್ತೆ ನನಗೆ ಸಿಗಲಿಲ್ಲ. ದರದ ಬಿಡ್ ತೆರೆದಾಗ ನನಗಿಂತ ಬಹಳ ಕೆಳಗೆ ಒಬ್ಬರಿದ್ದರು. ಆ ದರದಲ್ಲಿ ಹೂಳು ಸಾಗಿಸಲು ಸಾಧ್ಯವೇ ಇಲ್ಲ ಎಂದು ನನಗೆ ಗೊತ್ತಿತ್ತು, ಏಕೆಂದರೆ ಆ ರಸ್ತೆಯ ಪ್ರತಿ ಮೋರಿಯನ್ನೂ ನೋಡಿದ್ದೆ. ಜೆಸಿಬಿ ಒಮ್ಮೆ ಓಡಿತು, ಮಣ್ಣು ಅಂಚಿನಲ್ಲಿ ಉಳಿಯಿತು, ಮಳೆ ಹಿಡಿದ ಮೇಲೆ ಅದೇ ಮಣ್ಣು ಚರಂಡಿಯಲ್ಲಿತ್ತು. ತೀರಾ ಕಡಿಮೆ ಹಾಕಿದವರಿಂದ ಹೆಚ್ಚುವರಿ ಭದ್ರತೆ ಕೇಳುವ ಅವಕಾಶ ಟೆಂಡರ್ ದಾಖಲೆಯಲ್ಲೇ ಇದೆ. ಚರಂಡಿಯ ವಿಷಯದಲ್ಲಿ ಅದನ್ನು ಕಡ್ಡಾಯವಾಗಿ ಬಳಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕಟ್ಟಡದಲ್ಲಿ ಕಳಪೆ ಕೆಲಸ ಕಣ್ಣಿಗೆ ಕಾಣುತ್ತದೆ. ಚರಂಡಿಯಲ್ಲಿ ಅದನ್ನು ಮಳೆಯೇ ಮುಚ್ಚಿಬಿಡುತ್ತದೆ.

ಮುಂದಿನ ವರ್ಷ ಪಡುವಣ ಬದಿಯ ಒಂದು ಗ್ರಾಮೀಣ ರಸ್ತೆ ಸಿಕ್ಕಿತು. ಒಪ್ಪಂದ, ಛಾಪಾಕಾಗದ, ಠೇವಣಿ ಎಲ್ಲ ಆಗಿ ಕಾರ್ಯಾದೇಶ ಬರುವಷ್ಟರಲ್ಲಿ ಮೇ ಅರ್ಧ ಕಳೆದಿತ್ತು. ಇದು ನನ್ನೊಬ್ಬನ ಕಥೆಯಲ್ಲ. 2023ರಲ್ಲಿ ವಿಧಾನಸಭಾ ಚುನಾವಣೆಯ ನೀತಿಸಂಹಿತೆ ಮಾರ್ಚ್ 29ರಿಂದ ಮೇ ಮಧ್ಯದವರೆಗೆ ಇತ್ತು. 2024ರಲ್ಲಿ ಲೋಕಸಭೆಯದ್ದು ಮಾರ್ಚ್ 16ರಿಂದ ಜೂನ್ ಮೊದಲ ವಾರದವರೆಗೆ. ಎರಡೂ ಬಂದು ಕೂತದ್ದು ನಮಗೆ ಚರಂಡಿ ಬಿಡಿಸಲು ಇರುವ ಅದೇ ಕಾಲದ ಮೇಲೆ. ಮುಂಗಾರು ಜೂನ್ ಮೊದಲ ವಾರಕ್ಕೆ ಘಟ್ಟ ಮುಟ್ಟುತ್ತದೆ. ಜನವರಿ, ಫೆಬ್ರುವರಿಯಲ್ಲೇ ಟೆಂಡರ್ ಮುಗಿಸಿಟ್ಟರೆ ಇಂತಹ ಯಾವ ತೊಡಕೂ ಇಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಹೊತ್ತಿಗೆ ಕಾರ್ಯಾದೇಶ ಕೈಯಲ್ಲಿರಬೇಕು ಎಂದು ನಾನು ಹೋದಲ್ಲೆಲ್ಲ ಹೇಳುತ್ತೇನೆ.

ಕೆಲಸ ಶುರು ಮಾಡುವ ಮುಂಚೆ ಜೂನಿಯರ್ ಎಂಜಿನಿಯರ್ ಅವರನ್ನು ಕರೆದುಕೊಂಡು ಹೋಗಿ, ಹೂಳು ತುಂಬಿದ ಸ್ಥಿತಿಯಲ್ಲೇ ಅಳತೆ ಬರೆಸಿದೆ. ಪ್ರತಿ ಮೋರಿಯ ಬಳಿ ಜಿಪಿಎಸ್ ಫೋಟೊ, ಟೇಪು ಹಿಡಿದ ಫೋಟೊ. ‘ಇಷ್ಟೆಲ್ಲ ಯಾಕೆ ಸ್ವಾಮಿ, ಕೆಲಸ ಆದ್ಮೇಲೆ ಬರೆದ್ರಾಯ್ತು’ ಎಂದರು ಅವರು. ‘ಕೆಲಸ ಆದ್ಮೇಲೆ ಮಳೆ ಬರ್ತದಲ್ಲ ಸರ್, ಆಗ ನಾನು ತೆಗೆದದ್ದು ಯಾವುದು, ಮಳೆ ತಂದದ್ದು ಯಾವುದು?’ ಎಂದೆ. ಒಪ್ಪಿದರು. ನಿರ್ವಹಣೆ ಕೆಲಸದಲ್ಲಿ ಮುಗಿದ ಮೇಲೆ ತೋರಿಸಲು ವಸ್ತು ಏನೂ ಇರುವುದಿಲ್ಲ, ಖಾಲಿ ಜಾಗ ಮಾತ್ರ. ಅಳತೆ ಪುಸ್ತಕದಲ್ಲಿ ಮೊದಲೂ ನಂತರವೂ ಬರೆದಿರದಿದ್ದರೆ ಮೇಲಿನ ಎಂಜಿನಿಯರ್ ಪರಿಶೀಲನೆಗೆ ಬಂದಾಗ ಇಬ್ಬರ ಬಳಿಯೂ ಉತ್ತರವಿರುವುದಿಲ್ಲ. ಆ ವರ್ಷ ನಾವು ಮುಗಿಸಿದ ವಾರದಲ್ಲೇ ಮಳೆ ಹಿಡಿಯಿತು, ಒಂದು ಬರೆ ಜಾರಿ ಚರಂಡಿಯ ಒಂದು ತುಂಡು ಪೂರ್ತಿ ಮುಚ್ಚಿತು. ಫೋಟೊ ಇದ್ದದ್ದರಿಂದ ಬಿಲ್ಲಿಗೆ ಅಡ್ಡಿಯಾಗಲಿಲ್ಲ.

ಆದರೆ ಆ ಮುಚ್ಚಿದ ತುಂಡನ್ನು ಯಾರು ತೆಗೆಯಬೇಕು? ಒಪ್ಪಂದದ ಪ್ರಕಾರ ನನ್ನ ಕೆಲಸ ಮುಗಿದಿತ್ತು. ನಾನು ಆಳು ಕರೆದುಕೊಂಡು ಹೋಗಿ ತೆಗೆಸಿದೆ, ಮಕ್ಕಳು ಶಾಲೆಗೆ ಹೋಗುವ ರಸ್ತೆ ಅದು. ಅಜ್ಜ ಕೊಡೆ ಹಿಡಿದು ಬಂದಿದ್ದರು. ಅವರ ಕಾಲದಲ್ಲಿ ಒಬ್ಬ ಗ್ಯಾಂಗ್‌ಮನ್‌ಗೆ ಇಷ್ಟು ಮೈಲಿ ಎಂದು ರಸ್ತೆ ಹಂಚಿರುತ್ತಿತ್ತಂತೆ. ಜುಲೈ–ಆಗಸ್ಟ್‌ನ ಕಕ್ಕಡ ತಿಂಗಳ ಜಡಿಯಲ್ಲಿ, ಮಳೆಗೆ ಬೆನ್ನು ಮುಚ್ಚುವ ಗೊರಬೆ ಹೊದ್ದು, ಗುದ್ದಲಿ, ಕತ್ತಿ ಹಿಡಿದು ನಡೆಯುತ್ತಲೇ ಇರುವುದು. ಮೋರಿ ಬಾಯಿಗೆ ಕೊಂಬೆ ಸಿಕ್ಕಿಕೊಂಡದ್ದನ್ನು ಆಗಲೇ ಎಳೆದು ಹಾಕಿದರೆ ಐದು ನಿಮಿಷದ ಕೆಲಸ. ಮರುದಿನಕ್ಕೆ ಬಿಟ್ಟರೆ ರಸ್ತೆ ಇರುವುದಿಲ್ಲ. ಆ ಹುದ್ದೆಗಳು ಒಂದೊಂದಾಗಿ ಖಾಲಿಯಾದವು, ಅವರ ಕೆಲಸ ನಮ್ಮಂತಹ ಗುತ್ತಿಗೆದಾರರಿಗೆ ಬಂತು. ಗುತ್ತಿಗೆಯಲ್ಲಿ ಘನ ಮೀಟರಿಗೆ ದರವಿದೆ. ಮಳೆಯಲ್ಲಿ ನಡೆಯುವ ಮನುಷ್ಯನಿಗೆ ಐಟಂ ಇಲ್ಲ. ನಮ್ಮ ಚರಂಡಿಗಳ ಮುಖ್ಯ ಕೊರತೆ ಇದೇ ಎಂದು ನಾನು ನಂಬಿದ್ದೇನೆ. ಎಷ್ಟು ಸಿಮೆಂಟ್ ಬಾಕ್ಸ್ ಚರಂಡಿ ಕಟ್ಟಿದರೂ ಆ ಕೊರತೆ ನೀಗುವುದಿಲ್ಲ.

ಬಿಲ್ ಬಂದದ್ದು ಸೆಪ್ಟೆಂಬರ್‌ನ ಕೈಲ್‌ಪೊಳ್ದ್ ಹಬ್ಬ ಕಳೆದು ಎಷ್ಟೋ ದಿನದ ಮೇಲೆ. ಇಲಾಖೆಯ ಬಿಲ್ ರಾಜ್ಯ ಸರ್ಕಾರದ ಪಾವತಿ ವ್ಯವಸ್ಥೆಯಾದ ಖಜಾನೆ-2ರ ಮೂಲಕ ಬರಬೇಕು, ಅದಕ್ಕೆ ಅನುದಾನ ಬಿಡುಗಡೆಯಾಗಬೇಕು. ಹಣಕಾಸು ಆಯೋಗದ ಪಂಚಾಯತಿ ಕೆಲಸವಾದರೆ ಪಂಚಾಯತಿಗಳ ಇ-ಗ್ರಾಮಸ್ವರಾಜ್ ತಾಣದಲ್ಲಿ ಪಾವತಿ. ಆಳುಗಳಿಗೆ, ಜೆಸಿಬಿಯವರಿಗೆ ಅಷ್ಟು ತಿಂಗಳು ಕಾಯಲು ಹೇಳಲಾಗದು. ಆದ್ದರಿಂದ ಕೈಯಲ್ಲಿ ಒಂದು ಕೆಲಸದ ಪೂರ್ತಿ ಖರ್ಚು ಇಲ್ಲದೆ ಎರಡನೇ ಟೆಂಡರ್ ಹಾಕಬೇಡಿ ಎಂದು ಹುಡುಗರಿಗೆ ಹೇಳುತ್ತೇನೆ. ಬಡ್ಡಿಗೆ ತಂದು ಚರಂಡಿ ಬಿಡಿಸಿದರೆ ಉಳಿಯುವ ಲಾಭ ಬಡ್ಡಿಗೇ ಹೋಗುತ್ತದೆ.

ಕಳೆದ ಗ್ರಾಮಸಭೆಯಲ್ಲಿ ನಾನು, ಅಜ್ಜ, ಆ ರಸ್ತೆಯ ಮನೆಯವರು ಸೇರಿ ಒಂದು ಅರ್ಜಿ ಕೊಟ್ಟೆವು. ಬೇಡಿಕೆ ಮೂರೇ. ಟೆಂಡರ್ ಫೆಬ್ರುವರಿಯೊಳಗೆ ಕರೆಯಬೇಕು. ಹೂಳು ಹಾಕುವ ಜಾಗವನ್ನು ಅಂದಾಜಿನಲ್ಲೇ ತೋರಿಸಿ ಅಲ್ಲಿಯವರೆಗಿನ ಸಾಗಣೆಗೆ ದರ ಕೊಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರತಿ ರಸ್ತೆಗೆ ಇಬ್ಬರು ಆಳುಗಳ ದಿನಗೂಲಿಯನ್ನು ಗುತ್ತಿಗೆಯಲ್ಲೇ ಪ್ರತ್ಯೇಕ ಐಟಂ ಆಗಿ ಸೇರಿಸಬೇಕು. ಮೊದಲ ಎರಡಕ್ಕೆ ಪಿಡಿಒ ಅಲ್ಲೇ ಒಪ್ಪಿದರು, ನಡಾವಳಿಯಲ್ಲಿ ಬರೆಸಿದರು. ಮೂರನೆಯದಕ್ಕೆ ಎಂಜಿನಿಯರಿಂಗ್ ವಿಭಾಗದ ಅನುಮತಿ ಬೇಕು ಎಂದರು. ಹೊಸ ಅಂದಾಜಿನ ಕರಡಿನಲ್ಲಿ ಒಂದು ರಸ್ತೆಗೆ, ಒಬ್ಬ ಆಳಿಗೆ, ಆ ಐಟಂ ಬಂದಿದೆ. ಮಂಜೂರಾತಿಗೆ ಹೋಗಿದೆ. ಉಳಿದ ರಸ್ತೆಗಳಿಗೂ ಸೇರಿಸಿ ಎಂದು ಇನ್ನೊಂದು ಅರ್ಜಿ ಬರೆದಿದ್ದೇವೆ, ಈ ಸಲ ಅಕ್ಕಪಕ್ಕದ ಊರಿನವರ ಸಹಿಯನ್ನೂ ಸೇರಿಸುತ್ತಿದ್ದೇವೆ.